ಯಾವ ಸೋಲಾರ್ ಒಳ್ಳೆಯದು? ಮೊದಲು ಗಡಿಯಾರ ನೋಡಿ

ಮಧ್ಯಾಹ್ನ ಹನ್ನೆರಡೂವರೆಗೆ ತುಮಕೂರಿನ ನಮ್ಮ ಮನೆ ಮಾಳಿಗೆ ಮೇಲಿನ ಇನ್ವರ್ಟರ್ 2.3 ಅಂತ ತೋರಿಸುತ್ತದೆ. 3 ಕಿಲೋವ್ಯಾಟ್ ಪ್ಯಾನೆಲ್‌ಗಳಿಂದ ಆ ಹೊತ್ತಿಗೆ 2.3 ಕಿಲೋವ್ಯಾಟ್ ಬರುತ್ತಿದೆ ಎಂದರ್ಥ. ಮನೆಯಲ್ಲಿ ಆಗ ಓಡುವುದು ಫ್ರಿಜ್ಜು, ಒಂದು ಫ್ಯಾನು. ಮಿಕ್ಕಿದ್ದೆಲ್ಲ ತಂತಿ ಹಿಡಿದು ಬೀದಿಗೆ ಹೋಗುತ್ತದೆ. ಸಂಜೆ ಏಳಕ್ಕೆ ಮತ್ತೆ ಮೇಲೆ ಹತ್ತಿ ನೋಡಿದರೆ ಸೊನ್ನೆ. ಕೆಳಗೆ ಮಾತ್ರ ಟಿ.ವಿ., ಮಿಕ್ಸಿ, ಎಲ್ಲ ರೂಮಿನ ಲೈಟು, ಮೂರು ಫ್ಯಾನು ಒಟ್ಟಿಗೇ ಓಡುತ್ತಿರುತ್ತವೆ.

ಇಡೀ ಕರ್ನಾಟಕದ ಕಥೆಯೂ ಹೆಚ್ಚುಕಮ್ಮಿ ಇದೇ. ರಾಜ್ಯದಲ್ಲಿ ಈಗ 9 ಸಾವಿರ ಮೆಗಾವ್ಯಾಟ್‌ಗಿಂತ ಜಾಸ್ತಿ ಸೋಲಾರ್ ಇದೆ. 2025ರ ಬೇಸಿಗೆಯಲ್ಲಿ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿತು. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು 'ಅರ್ಧ ಕೆಲಸ ಆಯ್ತಲ್ಲ' ಅನ್ನುವವರಿದ್ದಾರೆ. ಆಗಿಲ್ಲ. ಆ 9 ಸಾವಿರ ಇರುವುದು ಬಿಸಿಲಿರುವಷ್ಟು ಹೊತ್ತು. ಬೇಡಿಕೆಗೆ ಬಿಸಿಲಿನ ಹಂಗಿಲ್ಲ.

ಹಾಗಾಗಿ ಸೋಲಾರ್ ಬೇಕೋ ಬೇಡವೋ ಎಂಬ ವಾದ ಬಿಡೋಣ. ಯಾವ ಸೋಲಾರ್, ಯಾರಿಗೆ, ಯಾವ ಹೊತ್ತಿಗೆ ಅಂತ ನೋಡೋಣ. ಮನೆಯವರು, ರೈತರು, ರಾಜ್ಯ ಮೂವರಿಗೂ ಆಯ್ಕೆಗಳು ಬೇರೆ ಬೇರೆ.

ಕರೆಂಟ್ ಯಾವಾಗ ಸಾಲುವುದಿಲ್ಲ?

ದಿನದಲ್ಲಿ ಮೂರು ಹೊತ್ತು ಮುಖ್ಯ. ಬೆಳಗ್ಗೆ ಆರರಿಂದ ಎಂಟೂವರೆ: ಗೀಸರು, ನೀರೆತ್ತುವ ಮೋಟಾರು, ಮಿಕ್ಸಿ. ಹಗಲು: ಕಾರ್ಖಾನೆ, ಆಫೀಸು, ಹೊಲದ ಪಂಪ್‌ಸೆಟ್. ಸಂಜೆ ಆರರಿಂದ ಹತ್ತು: ಮನೆಮನೆಯ ಲೈಟು, ಟಿ.ವಿ., ಬೇಸಿಗೆಯಲ್ಲಿ ಎ.ಸಿ.

ಇವುಗಳಲ್ಲಿ ಹಗಲಿನ ಗಂಟನ್ನು ಸೋಲಾರ್ ಚೆನ್ನಾಗಿ ಬಿಡಿಸಿದೆ. ರಾಜ್ಯದಲ್ಲಿ 34 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್‌ಗಳಿವೆ. ಕರೆಂಟಿನ ಮೂರನೇ ಒಂದು ಭಾಗದಷ್ಟು ಅವೇ ಕುಡಿಯುತ್ತವೆ. ಮುಂಚೆ ಇವುಗಳ ತ್ರೀ ಫೇಸ್ (ಮೋಟಾರು ಓಡಿಸುವ ಕರೆಂಟ್) ಪಾಳಿ ಬಹುತೇಕ ರಾತ್ರಿ ಬರುತ್ತಿತ್ತು. ಈಗ ಸಾಧ್ಯವಾದಷ್ಟನ್ನು ಬಿಸಿಲಿನ ಹೊತ್ತಿಗೆ ತಳ್ಳುತ್ತಿದ್ದಾರೆ. ಬಿಸಿಲು ಇದ್ದಾಗ ಖರ್ಚು ಮಾಡಿಬಿಡಿ ಎಂಬ ಲೆಕ್ಕ.

ಇನ್ನೊಂದು ಉಪಕಾರ ಯಾರ ಕಣ್ಣಿಗೂ ಬೀಳುವುದಿಲ್ಲ. ಹಗಲು ಸೋಲಾರ್ ಬಂದರೆ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರು ಉಳಿಯುತ್ತದೆ. ಶರಾವತಿಯ 1,035 ಮೆಗಾವ್ಯಾಟ್ ಘಟಕಗಳನ್ನು ಸಂಜೆಗೆಂದೇ ಇಟ್ಟುಕೊಳ್ಳಬಹುದು. ಗೇಟು ತೆರೆದರೆ ನಿಮಿಷಗಳಲ್ಲಿ ಕರೆಂಟ್. ರಾಯಚೂರಿನ ಕಲ್ಲಿದ್ದಲು ಬಾಯ್ಲರಿಗೆ ಆ ಚುರುಕು ಇಲ್ಲ. ಆದರೆ ಮಳೆ ಕೈಕೊಟ್ಟರೆ? 2023ರಲ್ಲಿ ಅದೇ ಆಯಿತು. ಆಗಸ್ಟ್ ಒಣಗಿತು, ಜಲಾಶಯ ತುಂಬಲಿಲ್ಲ, ಮಳೆಗಾಲದಲ್ಲಿ ಆಫ್ ಆಗಿರಬೇಕಿದ್ದ ಮೋಟಾರುಗಳೆಲ್ಲ ಆನ್ ಆದವು. ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ಗಳ 7 ಗಂಟೆ ತ್ರೀ ಫೇಸ್ 5 ಗಂಟೆಗೆ ಇಳಿಯಿತು. ಉತ್ತರ ಪ್ರದೇಶ, ಪಂಜಾಬ್‌ಗಳಿಂದ ಕರೆಂಟ್ ಕೈಗಡ ತಂದು, ಮುಂದಿನ ಮಳೆಗಾಲದಲ್ಲಿ ವಾಪಸ್ ಕೊಡುವ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತರುತ್ತೇವಲ್ಲ, ಹಾಗೆ.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಕೆಳಗಿನ ಪ್ರತಿ ಆಯ್ಕೆಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಯಾವ ಗಂಟೆಯ ಭಾರ ಇಳಿಸುತ್ತದೆ?

ಪಾವಗಡವೋ, ಸಬ್‌ಸ್ಟೇಷನ್ ಪಕ್ಕವೋ, ಮಾಳಿಗೆಯೋ?

ಪಾವಗಡದ ಸೋಲಾರ್ ಪಾರ್ಕ್ ನೋಡದವರು ಒಮ್ಮೆ ತಿರುಮಣಿ ಕಡೆ ಹೋಗಿಬನ್ನಿ. ಶೇಂಗಾ ಬೆಳೆಯುತ್ತಿದ್ದ ನೆಲದಲ್ಲಿ ಕಣ್ಣು ಹಾಯುವವರೆಗೆ ನೀಲಿ ಪ್ಯಾನೆಲ್. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಮೊದಲ 600 ಮೆಗಾವ್ಯಾಟ್ ಶುರುವಾಯಿತು, 2019ರ ಕೊನೆಗೆ ಪೂರ್ತಿಯಾಯಿತು. ಇಲ್ಲಿ ನನಗೆ ಹಿಡಿಸಿದ್ದು ಭೂಮಿಯ ವ್ಯವಹಾರ. ಸರ್ಕಾರ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿ ರೈತನ ಹೆಸರಲ್ಲೇ ಇರುತ್ತದೆ. ಬರದ ತಾಲ್ಲೂಕಿನಲ್ಲಿ ಮಳೆ ನಂಬಿ ಕೂರುವುದಕ್ಕಿಂತ ಇದು ವಾಸಿ ಅಂತ ದೊಡ್ಡ ಹಿಡುವಳಿಯವರು ಹೇಳಿದರೆ ತಪ್ಪಿಲ್ಲ. ಆದರೆ ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಶೇಂಗಾ ಬಿಡಿಸುತ್ತಿದ್ದ ಕೂಲಿ ಹೆಂಗಸರಿಗೆ ಗುತ್ತಿಗೆ ಹಣ ಬರುವುದಿಲ್ಲ. ಪ್ಯಾನೆಲ್ ಒರೆಸುವ, ಹುಲ್ಲು ಕೊಯ್ಯುವ ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ?

ಪಾರ್ಕ್‌ನ ಬಲ ಅದರ ಗಾತ್ರ. ಒಂದೇ ಕಡೆ ಕಟ್ಟುವುದರಿಂದ ಯೂನಿಟ್ ಅಗ್ಗ. ಕೊರತೆಯೂ ಅಲ್ಲೇ ಇದೆ. ಮಧ್ಯಾಹ್ನದ ಕರೆಂಟೆಲ್ಲ ಒಂದೇ ಕಡೆಯಿಂದ ದೊಡ್ಡ ಲೈನ್ ಹಿಡಿದು ದೂರ ಹೋಗಬೇಕು. ಗ್ರಿಡ್‌ನಲ್ಲಿ, ಅಂದರೆ ಕರೆಂಟ್ ಲೈನುಗಳ ಜಾಲದಲ್ಲಿ, ಬೇಡಿಕೆ ಕಡಿಮೆಯಿರುವ ದಿನ ಉತ್ಪಾದನೆ ತಗ್ಗಿಸಿ ಎಂಬ ಸೂಚನೆ ಬರುತ್ತದೆ. ಅಂದರೆ ಬಂದ ಬಿಸಿಲು ದಂಡ.

ಇದಕ್ಕೆ ಪರ್ಯಾಯವಾಗಿ ಈಗ ಓಡುತ್ತಿರುವುದು ಕುಸುಮ್-ಸಿ, ರೈತರಿಗಾಗಿ ಇರುವ ಕೇಂದ್ರದ ಸೋಲಾರ್ ಯೋಜನೆಯ ಒಂದು ಭಾಗ. ಹಳ್ಳಿಯ ಸಬ್‌ಸ್ಟೇಷನ್ ಪಕ್ಕದಲ್ಲೇ ಕೆಲವು ಮೆಗಾವ್ಯಾಟ್ ಸೋಲಾರ್ ಹಾಕಿ, ಅಲ್ಲಿಂದ ಹೊರಡುವ ಪಂಪ್‌ಸೆಟ್ ಫೀಡರ್‌ಗೆ, ಅಂದರೆ ಲೈನಿಗೆ, ನೇರವಾಗಿ ಕೊಡುವುದು. ಒಂದು ಮೆಗಾವ್ಯಾಟ್‌ಗೆ ನಾಲ್ಕು ಎಕರೆ ಆಸುಪಾಸು ಬೇಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ ಅಂತ ಹಿಂದೆಯೇ ಹಲವು ಕಡೆ ಬೇರ್ಪಡಿಸಿದ್ದು ಈಗ ಉಪಯೋಗಕ್ಕೆ ಬರುತ್ತಿದೆ. ಕರೆಂಟ್ ನೂರಾರು ಕಿಲೋಮೀಟರ್ ಅಲೆಯಬೇಕಿಲ್ಲ, ದಾರಿಯಲ್ಲಿ ಸೋರುವುದು ಕಮ್ಮಿ, ಲೈನಿನ ತುದಿಯ ಟಿ.ಸಿ.ಗೂ (ಟ್ರಾನ್ಸ್‌ಫಾರ್ಮರ್) ಒಳ್ಳೆ ವೋಲ್ಟೇಜು ಸಿಗುತ್ತದೆ.

ಮೂರನೆಯದು ಮಾಳಿಗೆ. ಜಾಗ ಹೊಸದಾಗಿ ಬೇಡ, ಲೈನೂ ಬೇಡ. ಆದರೆ ಒಂದೊಂದು ಮನೆಗೆ ಎರಡು-ಮೂರು ಕಿಲೋವ್ಯಾಟ್. ಪಾವಗಡದಷ್ಟಾಗಬೇಕೆಂದರೆ, ಮನೆಗೆ ಮೂರರಂತೆ ಹಿಡಿದರೂ, ಸುಮಾರು ಏಳು ಲಕ್ಷ ಮನೆ ಬೇಕು.

ರಾಜ್ಯದ ಕಣ್ಣಿಂದ ನೋಡಿದರೆ ನನ್ನ ಆಯ್ಕೆ ಸಬ್‌ಸ್ಟೇಷನ್ ಪಕ್ಕದ್ದು. ಖರ್ಚಾಗುವ ಕಡೆಯೇ, ಖರ್ಚಾಗುವ ಹೊತ್ತಿಗೇ ಹುಟ್ಟುವ ಕರೆಂಟ್ ಅದು.

ರೈತರಿಗೆ: ಸ್ವಂತ ಸೋಲಾರ್ ಪಂಪೋ, ಹಗಲು ತ್ರೀ ಫೇಸೋ?

ಶಿರಾ ಹತ್ತಿರ ನಮ್ಮ ಭಾವನ ತೋಟವಿದೆ. ಎರಡು ಬೋರ್‌ವೆಲ್, ಒಂದರಲ್ಲಿ ಮಾತ್ರ ನೀರು. ಸೋಲಾರ್ ಪಂಪ್‌ಗೆ ಸಬ್ಸಿಡಿ ಕೊಡುವ ಕುಸುಮ್-ಬಿ ಬಗ್ಗೆ ಕೇಳಿಕೊಂಡು ಬಂದಿದ್ದರು. ಅದರಲ್ಲಿ ಕೇಂದ್ರದ್ದು ಶೇ. 30, ರಾಜ್ಯದ್ದು ಶೇ. 50, ರೈತ ಹಾಕಬೇಕಾದ್ದು ಶೇ. 20.

"ಎಂಬತ್ತು ಪರ್ಸೆಂಟ್ ಅವರೇ ಕೊಡ್ತಾರಂತಲ್ಲಪ್ಪಾ, ಹಾಕ್ಸಿಬಿಡಲಾ?"

"ನಿಮ್ಮ ಬೋರ್ ಎಷ್ಟು ಅಡಿ ಭಾವ?"

"ಒಂಬೈನೂರು."

"ಈಗಿರೋ ಮೋಟಾರಿಗೆ ಎಷ್ಟು ಕಟ್ತೀರಾ?"

"ಏನು ಕಟ್ಟೋದು, 10 ಎಚ್‌ಪಿ ತನಕ ಫ್ರೀ ಅಲ್ವಾ."

ಮಾತು ಅಲ್ಲಿಗೇ ನಿಂತಿತು. ಬಿಲ್ಲೇ ಬರದವರಿಗೆ ಶೇ. 20 ಹಾಕುವುದೂ ಹೊಸ ಖರ್ಚೇ. ಒಂಬೈನೂರು ಅಡಿಯಿಂದ ಎತ್ತಬೇಕೆಂದರೆ ದೊಡ್ಡ ಮೋಟಾರು, ಅದಕ್ಕೆ ತಕ್ಕಷ್ಟು ಪ್ಯಾನೆಲ್ ಬೇಕು. ಮೋಡ ಕವಿದ ದಿನ ಸೋಲಾರ್ ಪಂಪು ಅಷ್ಟು ಆಳದಿಂದ ಏದುಸಿರು ಬಿಡುತ್ತದೆ. ಬೆಳೆಯಿಲ್ಲದ ತಿಂಗಳಲ್ಲಿ ಪ್ಯಾನೆಲ್ ಸುಮ್ನೆ ಬಿಸಿಲು ಕಾಯಿಸುತ್ತಾ ಕೂರುತ್ತದೆ. ಸಬ್‌ಸ್ಟೇಷನ್ ಪಕ್ಕದ್ದಾದರೆ ಆ ತಿಂಗಳ ಕರೆಂಟ್ ಬೇರೆಯವರಿಗಾದರೂ ಹೋಗುತ್ತದೆ.

ಹಾಗಂತ ಸ್ವಂತ ಪಂಪ್ ಕೆಟ್ಟದ್ದೇನಲ್ಲ. ಹೊಸ ಬೋರ್ ಕೊರೆಸಿದ್ದೀರಿ, ಹತ್ತಿರದ ಟಿ.ಸಿ.ಯಿಂದ 500 ಮೀಟರ್‌ಗಿಂತ ದೂರ ಇದ್ದೀರಿ ಅಂತಿಟ್ಟುಕೊಳ್ಳಿ. ಅಷ್ಟು ದೂರದವರಿಗೆ ಲೈನ್ ಎಳೆಯುವ ಬದಲು ಸೋಲಾರ್ ಪಂಪ್ ಕೊಡುವುದೇ ಸರ್ಕಾರದ ನೀತಿ. ತೆರೆದ ಬಾವಿ, ಕೃಷಿಹೊಂಡ ಅಥವಾ ಇನ್ನೂರು-ಮುನ್ನೂರು ಅಡಿಯೊಳಗೆ ನೀರಿರುವ ಬೋರ್ ಆದರೆ ಕಣ್ಣು ಮುಚ್ಚಿ ಹಾಕಿಸಿ. ಬೆಳಗ್ಗೆ ಒಂಬತ್ತರಿಂದ ನಾಲ್ಕರವರೆಗೆ ನೀರು ನಿಮ್ಮ ಕೈಯಲ್ಲಿ. ಲೈನ್‌ಮನ್‌ಗೆ ಫೋನ್ ಮಾಡುವುದೂ ತಪ್ಪುತ್ತದೆ. ತೋಟದಲ್ಲಿ ಮನೆಯಿಲ್ಲದವರು ಪ್ಯಾನೆಲ್, ಕೇಬಲ್ ಕಳ್ಳತನದ ಯೋಚನೆ ಮಾತ್ರ ಮಾಡಿ.

ಭಾವನಿಗೆ ನಿಜಕ್ಕೂ ಬೇಕಾಗಿರುವುದು ಹಗಲು ಕರೆಂಟ್. ಹಿಂದೆ ರಾತ್ರಿ ಪಾಳಿ ಇದ್ದಾಗ ಟಾರ್ಚ್ ಹಿಡಿದು, ಕೈಯಲ್ಲೊಂದು ಕೋಲು ಹಿಡಿದು ಸ್ಟಾರ್ಟರ್ ಪೆಟ್ಟಿಗೆ ಹತ್ತಿರ ಹೋಗುತ್ತಿದ್ದರು. ಪೆಟ್ಟಿಗೆ ಬಾಗಿಲು ತೆರೆಯುವ ಮೊದಲು ಕೋಲಿನಿಂದ ಎರಡು ಸಲ ಬಡಿಯುವುದು ಅವರಿಗೆ ಈಗಲೂ ಅಭ್ಯಾಸ, ಹಗಲಲ್ಲೂ. ಒಳಗೆ ಹಾವು ಸೇರಿಕೊಂಡಿರುತ್ತದೆಂದು. ಫೀಡರ್ ಸೋಲಾರ್ ಆದರೆ ಅವರು ಒಂದು ಪೈಸೆ ಹಾಕದೆ ಈ ರಾತ್ರಿ ಓಡಾಟ ಮತ್ತೆ ಬಾರದಂತಾಗುತ್ತದೆ. ಎರಡರಲ್ಲೂ ಒಂದು ಅಪಾಯ ಸಮವಾಗಿದೆ. ಪುಕ್ಕಟೆ ಕರೆಂಟು, ಪುಕ್ಕಟೆ ಬಿಸಿಲು, ನೀರು ಎತ್ತಲು ತಡೆಯೇ ಇಲ್ಲ. ಅಂತರ್ಜಲ ಅದರ ಪಾಡಿಗೆ ಇಳಿಯುತ್ತಲೇ ಇರುತ್ತದೆ. ಸೋಲಾರ್‌ನಲ್ಲಿ ಅದಕ್ಕೆ ಮದ್ದಿಲ್ಲ.

ಮನೆಗೆ: ಮೂರು ಬಗೆ, ಮೂರು ಸ್ವಭಾವ

ಆನ್-ಗ್ರಿಡ್, ಆಫ್-ಗ್ರಿಡ್, ಹೈಬ್ರಿಡ್ ಅಂತ ಅಂಗಡಿಯವರು ಹೇಳುತ್ತಾರೆ.

ಆನ್-ಗ್ರಿಡ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಹೆಚ್ಚಾದದ್ದು ಲೈನಿಗೆ ಹೋಗುತ್ತದೆ, ರಾತ್ರಿ ಲೈನಿನಿಂದ ಬರುತ್ತದೆ. ನೆಟ್ ಮೀಟರ್ ಎರಡನ್ನೂ ಕಳೆದು ಬಿಲ್ ಮಾಡುತ್ತದೆ. ನಮ್ಮದು ಇದೇ. ಹಾಕಿಸಿದ ಹೊಸದರಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಫ್ಯಾನೂ ನಿಂತಿತು. ಊಟಕ್ಕೆ ಬಂದಿದ್ದ ಭಾವ ಮಾಳಿಗೆ ಕಡೆ ಬೆರಳು ತೋರಿಸಿ, "ಏನಪ್ಪಾ, ಬಿಸಿಲೈತೆ, ಪ್ಯಾನೆಲ್ ಐತೆ, ಕರೆಂಟ್ ಮಾತ್ರ ಇಲ್ಲ" ಅಂತ ನಕ್ಕರು. ಕಾರಣ ಸರಳ. ಲೈನಿನಲ್ಲಿ ಕರೆಂಟ್ ಇಲ್ಲದಾಗ ಈ ಇನ್ವರ್ಟರ್ ತಾನೂ ನಿಂತುಬಿಡುತ್ತದೆ. ಇಲ್ಲದಿದ್ದರೆ ಕಂಬದ ಮೇಲೆ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಶಾಕ್ ಹೊಡೆಯುತ್ತದೆ. ನಿಯಮ ಸರಿಯೇ. ಮಾರುವಾಗ ನಮಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಆಫ್-ಗ್ರಿಡ್ ಅಂದರೆ ಲೈನಿನ ನಂಟೇ ಬೇಡ, ಬ್ಯಾಟರಿ ಮೇಲೆ ಬದುಕು. ಊರಲ್ಲಿ ಲೈನ್ ಇರುವವರಿಗೆ ಇದು ದುಬಾರಿ ಹಟ. ಮಲೆನಾಡಿನ ಒಂಟಿ ಮನೆಗಳ ವಿಷಯ ಬೇರೆ. ಆದರೆ ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನೇ ರಜೆ. ಹಾಗಾಗಿ ಕೆಲವು ಮನೆಗಳಲ್ಲಿ ಹಳ್ಳದ ನೀರಿಗೆ ಪುಟ್ಟ ಟರ್ಬೈನ್ ಕೂಡಿಸಿಕೊಂಡಿರುತ್ತಾರೆ. ಮಳೆಗಾಲಕ್ಕೆ ಹಳ್ಳ, ಬೇಸಿಗೆಗೆ ಬಿಸಿಲು. ಇದಕ್ಕಿಂತ ಚಂದದ ಹೊಂದಾಣಿಕೆ ನಾನು ಕಂಡಿಲ್ಲ.

ಹೈಬ್ರಿಡ್‌ನಲ್ಲಿ ಲೈನೂ ಇದೆ, ಬ್ಯಾಟರಿಯೂ ಇದೆ. ಪವರ್ ಕಟ್ ಆದರೂ ಮನೆ ನಡೆಯುತ್ತದೆ. ಲಿಥಿಯಂ ಬ್ಯಾಟರಿ ಸೇರಿದರೆ ಖರ್ಚು ಸಾಕಷ್ಟು ಏರುತ್ತದೆ. ದಿನಕ್ಕೆರಡು ಸಲ ಕರೆಂಟ್ ಹೋಗುವ ಕಡೆ, ಮನೆಯಿಂದಲೇ ಆಫೀಸ್ ಕೆಲಸ ಮಾಡುವವರಿಗೆ ಸರಿ. ಆಗೊಮ್ಮೆ ಈಗೊಮ್ಮೆ ಹೋಗುವ ಕಡೆ ಹಳೆ ಯು.ಪಿ.ಎಸ್. ಸಾಕು.

ಈಗ ದುಡ್ಡು. 1 ಕಿಲೋವ್ಯಾಟ್‌ಗೆ ನೆರಳಿಲ್ಲದ 80ರಿಂದ 100 ಚದರಡಿ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು ಗರಿಷ್ಠ 78 ಸಾವಿರ ಸಬ್ಸಿಡಿ. ಅದು ಸಿಗಬೇಕೆಂದರೆ ಭಾರತದಲ್ಲೇ ತಯಾರಾದ ಸೆಲ್ ಇರುವ ಪ್ಯಾನೆಲ್ ಆಗಬೇಕು. ಬಿಲ್‌ನಲ್ಲಿ ಬರೆಸಿಕೊಳ್ಳಿ.

ತಿಂಗಳಿಗೆ 250 ಯೂನಿಟ್ ಸುಡುವ ಮನೆ ಎಂದಿಟ್ಟುಕೊಳ್ಳಿ. 2025–26ರ ದರಪಟ್ಟಿಯಲ್ಲಿ ಯೂನಿಟ್‌ಗೆ 5.80, ಮೇಲೆ ವಿದ್ಯುತ್ ನೌಕರರ ಪಿಂಚಣಿ ಬಾಬ್ತಿನ 36 ಪೈಸೆ, ತೆರಿಗೆ ಸೇರಿ ಆರೂವರೆ ರೂಪಾಯಿ ದಾಟುತ್ತದೆ. 2 ಕಿಲೋವ್ಯಾಟ್ ಹಾಕಿಸಿದರೆ 240 ಯೂನಿಟ್ ಬರುತ್ತದೆ. ತಿಂಗಳಿಗೆ 1,500 ರೂಪಾಯಿ ಮೇಲೆ ಉಳಿತಾಯ. 1 ಲಕ್ಷ 30 ಸಾವಿರಕ್ಕೆ ಹಾಕಿಸಿದಿರಿ ಅಂದರೆ ಸಬ್ಸಿಡಿ ಕಳೆದು 70 ಸಾವಿರ. ನಾಲ್ಕು ವರ್ಷಕ್ಕೆ ಅಸಲು ಕೈಗೆ. ನಿಗದಿತ ಶುಲ್ಕ ಮಾತ್ರ ಹಾಗೇ ಬರುತ್ತಿರುತ್ತದೆ, ಬಿಲ್ ಸೊನ್ನೆ ಆಗುತ್ತದೆ ಅನ್ನುವವರನ್ನು ನಂಬಬೇಡಿ.

ಇನ್ನೊಂದು ಮನೆ ತಿಂಗಳಿಗೆ 140 ಯೂನಿಟ್ ಖರ್ಚು ಮಾಡಿ, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಪಡೆಯುತ್ತಿದೆ. ಅವರಿಗೆ ಮಾಳಿಗೆ ಸೋಲಾರ್‌ನಿಂದ ಉಳಿಯುವುದು ಏನೂ ಇಲ್ಲ. ಹಾಕಿಸಬೇಡಿ ಅಂತಲೇ ಹೇಳುತ್ತೇನೆ. ಇದು ರಾಜ್ಯದ ಒಂದು ವಿಚಿತ್ರ. ಒಂದು ಕೈ ಮಾಳಿಗೆ ಮೇಲೆ ಪ್ಯಾನೆಲ್ ಹಾಕಿಸಿ ಅನ್ನುತ್ತದೆ, ಇನ್ನೊಂದು ಕೈ ಹಾಕಿಸುವ ಅಗತ್ಯವನ್ನೇ ತೆಗೆದುಬಿಡುತ್ತದೆ.

ಲೈನಿಗೆ ಹರಿಸಿ ದುಡ್ಡು ಮಾಡುವ ಆಸೆ ಇದ್ದರೆ ಅದನ್ನೂ ಬಿಡಿ. 2013ರಲ್ಲಿ ಯೂನಿಟ್‌ಗೆ 9.56 ರೂಪಾಯಿ ಕೊಡುತ್ತೇವೆ ಎಂದಾಗ ಪ್ಯಾನೆಲ್ ಹಾಕಲೆಂದೇ ಶೆಡ್ ಕಟ್ಟಿದವರಿದ್ದರು. ಆ ಕಾಲ ಮುಗಿಯಿತು. ಈಗ ತಿಂಗಳ ಕೊನೆಗೆ ಮಿಕ್ಕ ಯೂನಿಟ್‌ಗೆ ಸಿಗುವುದು ನಾವು ಕೊಳ್ಳುವ ದರಕ್ಕಿಂತ ತೀರಾ ಕಮ್ಮಿ. ಖರ್ಚಾಗುವಷ್ಟೇ ಹಾಕಿಸಿ. ಅಪಾರ್ಟ್‌ಮೆಂಟಿನವರು ಮೊದಲು ಲಿಫ್ಟ್, ಬೋರ್, ಮೆಟ್ಟಿಲ ಲೈಟಿನ ಸಾಮಾನ್ಯ ಮೀಟರ್ ನೋಡಿ. ಹಗಲೂ ಓಡುವ ಮೀಟರ್ ಅದು.

ನೆರಳಿನ ವಿಷಯದಲ್ಲಿ ನಾನು ಏಮಾರಿದ್ದು ಹೇಳಬೇಕು. ನಮ್ಮ ಎರಡು ಪ್ಯಾನೆಲ್ ಮೇಲೆ ಮೂರು ಗಂಟೆಯ ನಂತರ ನೀರಿನ ಟ್ಯಾಂಕ್ ನೆರಳು ಬೀಳುತ್ತದೆ. ಎರಡರ ಮೇಲೆ ತಾನೇ ಅಂದುಕೊಂಡಿದ್ದೆ. ಒಂದೇ ಸಾಲಿನಲ್ಲಿ ಪೋಣಿಸಿದ್ದರಿಂದ ಇಡೀ ಸಾಲೇ ಕುಗ್ಗುತ್ತದೆ. ಹಾಕಿಸುವ ಮುಂಚೆ ಒಂದು ದಿನ ಬೆಳಗ್ಗೆ ಒಂಬತ್ತು, ಹನ್ನೆರಡು, ಮೂರೂವರೆಗೆ ಮಾಳಿಗೆಯ ಫೋಟೊ ತೆಗೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಬೀಳದ ನೆರಳು ಡಿಸೆಂಬರ್‌ನಲ್ಲಿ ಉದ್ದವಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಾರೂ ಲೆಕ್ಕಕ್ಕಿಡದ ಹಂಡೆ

ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಆನ್-ಗ್ರಿಡ್ ಮಾಳಿಗೆ ನನ್ನ ಬಿಲ್ ಇಳಿಸಿತು, ಸಂಜೆಯ ಭಾರ ಇಳಿಸಲಿಲ್ಲ. ನೆಟ್ ಮೀಟರ್ ಇರುವವರೆಗೆ ನಾನು ಗ್ರಿಡ್ಡನ್ನೇ ಪುಕ್ಕಟೆ ಬ್ಯಾಟರಿ ಮಾಡಿಕೊಂಡಿರುತ್ತೇನೆ. ಮಧ್ಯಾಹ್ನದ ಅಗ್ಗದ ಯೂನಿಟ್ ಕೊಟ್ಟು ಸಂಜೆಯ ದುಬಾರಿ ಯೂನಿಟ್ ತಗೊಳ್ಳುತ್ತೇನೆ. ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ಸಂಜೆ ದರ ಕೆಲವೊಮ್ಮೆ 10 ರೂಪಾಯಿಯ ಮಿತಿ ಮುಟ್ಟುತ್ತದೆ. ಆ ವ್ಯತ್ಯಾಸ ಯಾರೋ ಕಟ್ಟುತ್ತಿದ್ದಾರೆ.

ಗಡಿಯಾರದ ಲೆಕ್ಕದಲ್ಲಿ ಮನೆಯ ಮಟ್ಟಿಗೆ ಗೆಲ್ಲುವುದು ಮಾಳಿಗೆಯ ಹಳೇ ಸೋಲಾರ್ ವಾಟರ್ ಹೀಟರ್. ನಿನ್ನೆಯ ಬಿಸಿಲು ಹಂಡೆಯಲ್ಲಿ ಕೂತಿರುತ್ತದೆ, ಇವತ್ತು ಬೆಳಗ್ಗೆ ಆರೂವರೆಗೆ ನಲ್ಲಿಯಲ್ಲಿ ಬರುತ್ತದೆ. ಬ್ಯಾಟರಿಯೇ ಇಲ್ಲದ ಸಂಗ್ರಹ! 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 60 ಯೂನಿಟ್, ಅದೂ ಎಲ್ಲರೂ ಒಟ್ಟಿಗೆ ಸ್ನಾನಕ್ಕಿಳಿಯುವ ಹೊತ್ತಿನಲ್ಲಿ. ದುಡ್ಡು ಒಂದಕ್ಕೇ ಸಾಕಾಗುವುದಾದರೆ, ಮಾಳಿಗೆ ಚಿಕ್ಕದಾದರೆ, ಮೊದಲು ಇದನ್ನು ಹಾಕಿಸಿ. ಬೋರ್ ನೀರು ಗಡುಸಾಗಿದ್ದರೆ ತಾಮ್ರದ ಕೊಳವೆಯ ಫ್ಲಾಟ್ ಪ್ಲೇಟ್‌ಗಿಂತ ಗಾಜಿನ ಟ್ಯೂಬಿನದು ವಾಸಿ. ನಮ್ಮ ಹಳೆಯದರ ಪೈಪ್ ಕತ್ತರಿಸಿದಾಗ ಒಳಗೆ ಸುಣ್ಣ ಎಷ್ಟು ಕಟ್ಟಿತ್ತೆಂದರೆ ಪೆನ್ಸಿಲ್ ಕೂಡ ತೂರುತ್ತಿರಲಿಲ್ಲ.

ಸಂಜೆಗೆ ಏನು?

ರಾಜ್ಯದ ಮುಂದೆ ಇರುವ ನಿಜವಾದ ಆಯ್ಕೆ ಇದು. ಒಂದು, ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಪ್ರಸ್ತಾವ. ಹಗಲು ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಡುವುದು. ಹಾಕಿದ ನೂರು ಯೂನಿಟ್‌ನಲ್ಲಿ 75–80 ವಾಪಸ್. ಸಂಗ್ರಹ ದೊಡ್ಡದು, ಬಾಳಿಕೆ ಬಹಳ. ಆದರೆ ಅದು ಸಿಂಗಳೀಕಗಳ ಕಾಡು. ಮಲೆನಾಡಿನಲ್ಲಿ ವಿರೋಧ ಬಲವಾಗಿದೆ, ಲಿಂಗನಮಕ್ಕಿಯಲ್ಲಿ ಊರು ಮುಳುಗಿದ ನೆನಪಿರುವ ಜನ ಅವರು.

ಎರಡು, ಸಬ್‌ಸ್ಟೇಷನ್‌ಗಳಲ್ಲಿ ದೊಡ್ಡ ಬ್ಯಾಟರಿ. ವಾಪಸ್ ಬರುವುದು ಇನ್ನೂ ಜಾಸ್ತಿ, ಬೇಗ ಕೂಡಿಸಬಹುದು, ಕಾಡು ಕಡಿಯಬೇಕಿಲ್ಲ. ಎರಡು-ನಾಲ್ಕು ಗಂಟೆ ಮಾತ್ರ ಬರುತ್ತದೆ, ಹದಿನೈದು ವರ್ಷದೊಳಗೆ ಬದಲಿಸಬೇಕು. ಮೂರು, ಗದಗ, ಚಿತ್ರದುರ್ಗದ ಗಾಳಿ. ಮೋಡ ಕವಿದು ಸೋಲಾರ್ ಸೊರಗುವ ಜೂನ್-ಸೆಪ್ಟೆಂಬರ್‌ನಲ್ಲೇ ಅದು ಜೋರು, ರಾತ್ರಿಯೂ ಬೀಸುತ್ತದೆ. ಬೇಸಿಗೆಯ ಸಂಜೆಗೆ ಮಾತ್ರ ಅದನ್ನು ನಂಬಿ ಕೂರುವಂತಿಲ್ಲ. ರಾಯಚೂರು, ಬಳ್ಳಾರಿ, ಯರಮರಸ್‌ನ ಕಲ್ಲಿದ್ದಲು ಸದ್ಯಕ್ಕೆ ಆ ಸಂಜೆಯ ಊರುಗೋಲು.

ನಾನಾದರೆ ಬ್ಯಾಟರಿಗೆ ಮೊದಲ ಮಣೆ ಹಾಕುತ್ತೇನೆ, ಅದೂ ಕುಸುಮ್-ಸಿ ಬಂದ ಸಬ್‌ಸ್ಟೇಷನ್‌ಗಳಲ್ಲೇ. ಹಗಲು ಪಂಪ್‌ಸೆಟ್‌ಗೆ ಕೊಟ್ಟು ಮಿಕ್ಕಿದ್ದನ್ನು ಸಂಜೆ ಅದೇ ಹಳ್ಳಿಯ ಮನೆಗಳಿಗೆ ಕೊಡಬಹುದು. ಕಣಿವೆ ಒಡೆಯುವ ಮಾತು ಅದಾದ ಮೇಲೆ.

ಭಾವ ಸೋಲಾರ್ ಪಂಪ್ ವಿಚಾರ ಕೈಬಿಟ್ಟಿದ್ದಾರೆ. ಮನೆಗೆ 200 ಲೀಟರ್ ಹೀಟರ್ ಹಾಕಿಸಿದ್ದಾರೆ, ಗಾಜಿನ ಟ್ಯೂಬಿನದೇ. ಹೋದ ವಾರ ಫೋನ್ ಮಾಡಿ, "ನೀರು ಕುದಿತೈತಪ್ಪಾ, ಸೌದೆ ಎಲ್ಲಾ ಹಂಗೇ ಬಿದ್ದೈತೆ, ನಿಂಗೇನಾದ್ರೂ ಬೇಕಾ?" ಅಂದರು.